ಸಮಚಿತ್ತ ಬೇರೆ, ಸಂಯಮ ಬೇರೆ

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಕುಮಾರವ್ಯಾಸನನ್ನೂ ಗಡಿ ಪ್ರಶ್ನೆಯನ್ನೂ ಮುಂಬಯಿಯ ಕನ್ನಡ ಶಾಲೆಗಳ ಅಳಿವು ಉಳಿವಿನ ಚರ್ಚೆಯನ್ನೂ ಕೇಳಿ ಅಭ್ಯಾಸವಾದ ಈ ಸಭೆಯ ಮುಂದೆ ಇಸ್ಪೀಟಾಟದ ವಿಷಯವಾಗಿ ಮಾತನಾಡಲು ನಿಂತಿದ್ದೇನೆ. ಕೆಲವರ ಹುಬ್ಬು ಗಂಟಿಕ್ಕಿರುವುದು ಇಲ್ಲಿಂದಲೇ ಕಾಣುತ್ತಿದೆ. ಆದರೆ ಠಾಣೆ, ಡೊಂಬಿವಲಿ, ಮೀರಾ ರೋಡುಗಳಲ್ಲಿರುವ ನಮ್ಮ ಮನೆಗಳ ಒಳಗೆ ಈ ವಿಷಯ ಸದ್ದಿಲ್ಲದೆ ಬಂದು ಕುಳಿತಿದೆ. ಹಿಂದೆ ಜೂಜಾಡುವವನು ಮನೆ ಬಿಟ್ಟು ಹೊರಗೆ ಹೋಗಬೇಕಾಗಿತ್ತು. ಹೋದದ್ದು ನಾಲ್ಕು ಜನರಿಗೆ ತಿಳಿಯುತ್ತಿತ್ತು. ಈಗ ಅವನು ತಾಯಿಯ ಪಕ್ಕದಲ್ಲಿ ಊಟಕ್ಕೆ ಕುಳಿತೇ ಆಡಬಲ್ಲ. ಮನೆಯವರಿಗೆ ತಿಳಿಯುವುದು ಬ್ಯಾಂಕಿನ ಪಾಸ್‌ಬುಕ್ ನೋಡಿದ ದಿನ.

ಜೂಜು ಕೆಟ್ಟದ್ದೆಂದು ಬೋಧಿಸಲು ನಾನು ಬಂದಿಲ್ಲ. ಆ ಕೆಲಸವನ್ನು ಋಗ್ವೇದದ 10ನೆಯ ಮಂಡಲದ 34ನೆಯ ಸೂಕ್ತವೇ ಮಾಡಿ ಮುಗಿಸಿದೆ. ಅಳಿಯನನ್ನು ದ್ವೇಷಿಸುವ ಅತ್ತೆ, ದೂರ ಸರಿದ ಹೆಂಡತಿ, ಇನ್ನು ಆಡೆನೆಂದು ನಿಶ್ಚಯಿಸಿಯೂ ದಾಳದ ಸದ್ದು ಕೇಳಿದೊಡನೆ ಅತ್ತ ನಡೆಯುವ ಕಾಲು, ಎಲ್ಲವೂ ಅಲ್ಲಿವೆ. ದಾಳ ಬಿಟ್ಟು ಹೊಲ ಉಳು ಎಂಬ ಬುದ್ಧಿವಾದವೂ ಇದೆ. ಬುದ್ಧಿವಾದ ಉಳಿದಿದೆ, ಜೂಜೂ ಉಳಿದಿದೆ. ನನ್ನ ಪ್ರಶ್ನೆ ಬೇರೆ. ಆನ್‌ಲೈನ್ ಪೋಕರ್ ಆಡುವ ತರುಣರು ಒಂದು ವಾದವನ್ನು ಮುಂದಿಡುತ್ತಾರೆ: ಇದು ಅದೃಷ್ಟದ ಆಟವಲ್ಲ, ಮನಸ್ಸಿನ ಆಟ; ಭಾವನೆಗಳನ್ನು ಹತೋಟಿಯಲ್ಲಿಟ್ಟುಕೊಂಡವನು ಗೆಲ್ಲುತ್ತಾನೆ. ಈ ವಾದವನ್ನು ತಳ್ಳಿಹಾಕದೆ, ಅದರಲ್ಲಿ ನಿಜವೆಷ್ಟು ಎಂದು ನೋಡುವುದು ಇಂದಿನ ಉದ್ದೇಶ.

ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂದು ಹೆಚ್ಚು ಪ್ರಚಾರದಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬನಿಗೂ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಂಬ ಕ್ರಮದಲ್ಲಿ ತೆರೆಯುತ್ತಾರೆ. ಎಲೆ ತೆರೆಯುವ ಮೊದಲೂ ತೆರೆದ ಮೇಲೂ ಪಣ ಏರುತ್ತದೆ. ಏಳರಲ್ಲಿ ಉತ್ತಮವಾದ ಐದು ಎಲೆ ಯಾರದೋ ಅವನು ಗೆದ್ದ. ಆದರೆ ಎದುರಾಳಿಗಳೆಲ್ಲ ಹೆದರಿ ಎಲೆ ಮಡಚಿದರೆ, ಕೈಯಲ್ಲಿ ಏನೂ ಇಲ್ಲದವನೂ ಗೆಲ್ಲಬಹುದು. ರಮ್ಮಿಯಲ್ಲಿ ನಾವು ಎಲೆಗಳನ್ನು ಜೋಡಿಸುತ್ತೇವೆ. ಪೋಕರಿನಲ್ಲಿ ಎದುರಿಗಿರುವ ಮನುಷ್ಯನನ್ನು ಓದುತ್ತೇವೆ. ಆನ್‌ಲೈನಿನಲ್ಲಿ ಆ ಮನುಷ್ಯನ ಮುಖವೂ ಇಲ್ಲ. ಅವನು ಎಷ್ಟು ಪಣ ಹೂಡಿದ, ಎಷ್ಟು ಹೊತ್ತು ಯೋಚಿಸಿದ ಎಂಬುದಷ್ಟೇ ಸುಳಿವು. ನಿಜವಾದ ಮೇಜಿನಲ್ಲಿ ಗಂಟೆಗೆ 25ರಿಂದ 30 ಸಲ ಎಲೆ ಹಂಚಬಹುದಾದರೆ ಪರದೆಯ ಮೇಲೆ ಸುಮಾರು 60 ಸಲ ಹಂಚಲಾಗುತ್ತದೆ. ಒಬ್ಬನೇ ನಾಲ್ಕು ಮೇಜುಗಳಲ್ಲಿ ಏಕಕಾಲಕ್ಕೆ ಆಡಲೂಬಹುದು.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗ 86 ಡಾಲರಿನ ಆನ್‌ಲೈನ್ ಪ್ರವೇಶಪಂದ್ಯದಿಂದ ಮೇಲೆ ಬಂದು, ಲಾಸ್ ವೇಗಸ್ಸಿನ ವಿಶ್ವ ಪೋಕರ್ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಜಗತ್ತಿನ ಗುಮಾಸ್ತರಿಗೆಲ್ಲ ನಿದ್ದೆ ಕೆಡಿಸಿದ ಗೆಲುವು ಅದು.

ಈ ಆಟದ ಪಂಡಿತರು ಮನಸ್ಸಿನ ವಿಷಯವಾಗಿ ಹೇಳುವುದನ್ನು ನಾನು ಗೌರವದಿಂದಲೇ ಓದಿದ್ದೇನೆ. ಅವರ ಮುಖ್ಯ ಪರಿಭಾಷೆ ‘ಟಿಲ್ಟ್’. ಹಿಂದಿನ ಪಿನ್‌ಬಾಲ್ ಯಂತ್ರಗಳನ್ನು ಆಟಗಾರ ಸಿಟ್ಟಿನಿಂದ ಅಲುಗಾಡಿಸಿ ವಾಲಿಸಿದರೆ ಯಂತ್ರ ಆಟವನ್ನೇ ನಿಲ್ಲಿಸಿಬಿಡುತ್ತಿತ್ತು. ಮನಸ್ಸು ಹಾಗೆ ವಾಲಿದ ಸ್ಥಿತಿಯೇ ಟಿಲ್ಟ್. ಜೇರೆಡ್ ಟೆಂಡ್ಲರ್ ಎಂಬಾತ 2011ರಲ್ಲಿ ಪೋಕರ್ ಆಟದ ಮಾನಸಿಕ ಮಗ್ಗುಲನ್ನು ಕುರಿತೇ ಪುಸ್ತಕ ಬರೆದು ಇದನ್ನು ಹಲವು ಬಗೆಗಳಾಗಿ ವಿಂಗಡಿಸಿದ: ಅನ್ಯಾಯವಾಯಿತೆಂಬ ಕುದಿ, ಸೋಲನ್ನು ಸಹಿಸಲಾರದ ಕುದಿ, ಗೆಲುವು ನನ್ನ ಹಕ್ಕೆಂಬ ಕುದಿ, ಸೇಡಿನ ಕುದಿ, ಹತಾಶೆಯ ಕುದಿ. ಓದುತ್ತ ಹೋದಂತೆ ನಮ್ಮ ಅರಿಷಡ್ವರ್ಗವನ್ನೇ ಬೇರೆ ವೇಷದಲ್ಲಿ ಕಂಡಂತಾಯಿತು. ಸೇಡಿನಲ್ಲಿರುವುದು ಕ್ರೋಧ ಮತ್ಸರಗಳು. ಗೆಲುವು ನನ್ನ ಹಕ್ಕೆನ್ನುವುದು ಮದ. ಕಳೆದದ್ದನ್ನು ಬೆನ್ನಟ್ಟುವುದು ಲೋಭ ಮೋಹಗಳು.

ಈ ಕುದಿಗೆ ಲೆಕ್ಕದ ಆಧಾರವೂ ಇದೆ. ಎರಡು ಎಕ್ಕಗಳ ಜೋಡಿ ಕೈಗೆ ಬರುವುದು 221 ಸಲದಲ್ಲಿ ಒಂದು ಸಲ. ಬಂದಾಗ ಎದುರಾಳಿಯ ಕೈಯಲ್ಲಿ ರಾಜರ ಜೋಡಿಯಿದ್ದು ಇಬ್ಬರೂ ಇದ್ದದ್ದೆಲ್ಲವನ್ನೂ ಹೂಡಿದರೆ, ಎಕ್ಕದವನು 100ರಲ್ಲಿ ಸುಮಾರು 82 ಸಲ ಗೆಲ್ಲುತ್ತಾನೆ. ಅಂದರೆ ಉಳಿದ 18 ಸಲ, ಯಾವ ತಪ್ಪನ್ನೂ ಮಾಡದೆ ಸೋಲುತ್ತಾನೆ. ಇಂಥ ಐದು ಸಂದರ್ಭಗಳು ಒಂದರ ಹಿಂದೆ ಒಂದು ಬಂದರೆ ಐದರಲ್ಲೂ ಗೆಲ್ಲುವ ಸಾಧ್ಯತೆ 100ಕ್ಕೆ 37 ಮಾತ್ರ. ಸರಿಯಾಗಿ ನಡೆದುಕೊಂಡವನಿಗೂ ಹೊಡೆತ ತಪ್ಪಿದ್ದಲ್ಲ. ಆ ಹೊಡೆತ ತಗಲಿದ ಮುಂದಿನ ಗಳಿಗೆಯಲ್ಲಿ ಮನಸ್ಸು ಏನು ಮಾಡುತ್ತದೆಂಬುದನ್ನು ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವೆರ್ಸ್‌ಕಿ 1979ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದರು. ಗೆದ್ದ ಸಂತೋಷಕ್ಕಿಂತ ಅಷ್ಟೇ ಹಣ ಕಳೆದ ನೋವು ಹೆಚ್ಚು. ಗೆಲ್ಲುವಾಗ ಜಾಗರೂಕನಾಗಿರುವ ಮನುಷ್ಯ, ನಷ್ಟದಲ್ಲಿರುವಾಗ ಅದನ್ನು ಅಳಿಸಿಹಾಕುವ ಆಸೆಯಿಂದ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ. ಕಾನಮನ್‌ರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ಸಂಶೋಧನೆಗೇ.

ಇದಕ್ಕೆ ಪಂಡಿತರು ಕೊಡುವ ಪರಿಹಾರವೂ ಅರ್ಥವತ್ತಾದದ್ದೇ. ಫಲಿತಾಂಶವನ್ನು ನೋಡಬೇಡ, ನಿರ್ಧಾರ ಸರಿಯಿತ್ತೇ ಎಂದು ನೋಡು. ನಿದ್ದೆಗೆಟ್ಟಾಗ, ಕುಡಿದಾಗ, ಮನೆಯಲ್ಲಿ ಜಗಳವಾದಾಗ ಆಡಬೇಡ. ಆಟಕ್ಕೆಂದು ಬೇರೆಯಿಟ್ಟ ಹಣದ ಸಣ್ಣ ಪಾಲನ್ನು ಮಾತ್ರ ಒಂದು ಮೇಜಿಗೆ ತಾ. ಮಾಡಿದ್ದನ್ನೆಲ್ಲ ಬರೆದಿಡು. ಮರಿಯಾ ಕೊನ್ನಿಕೋವ ಎಂಬ ಲೇಖಕಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಪೋಕರಿನ ಗಂಧವೂ ಇಲ್ಲದವರು ಎರಿಕ್ ಸೀಡೆಲ್ ಎಂಬ ಪಳಗಿದ ಆಟಗಾರನಲ್ಲಿ ಕಲಿತು 2018ರಲ್ಲಿ ಪಂದ್ಯವೊಂದನ್ನು ಗೆದ್ದು, 2020ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು. ಆದ್ದರಿಂದ ಭಾವನೆಗಳ ಹತೋಟಿಗೆ ಈ ಆಟದಲ್ಲಿ ಬೆಲೆಯಿಲ್ಲ ಎನ್ನುವಂತಿಲ್ಲ. ಫಲದ ಚಿಂತೆ ಬಿಡು ಎಂಬ ಬೋಧೆ ಗೀತೆಯನ್ನು ಬಲ್ಲ ನಮಗೆ ಹೊಸದೂ ಅಲ್ಲ. ಒಂದೇ ವ್ಯತ್ಯಾಸ: ಗೀತೆ ಫಲದ ಆಸೆಯನ್ನೇ ಬಿಡೆನ್ನುತ್ತದೆ, ಪೋಕರಿನ ಗುರು ಈ ಒಂದು ಸುತ್ತಿನ ಫಲವನ್ನು ಮರೆತುಬಿಡು, ಸಾವಿರ ಸುತ್ತುಗಳ ಫಲ ನಿನ್ನದಾಗುತ್ತದೆ ಎನ್ನುತ್ತಾನೆ. ಆಸೆ ದೊಡ್ಡದಾಯಿತೇ ಹೊರತು ಹೋಗಲಿಲ್ಲ.

ಇಲ್ಲಿ ನನಗೆ ಪರಿಚಯವಿರುವ ಒಂದು ಕುಟುಂಬದ ಮಾತು ಹೇಳಬೇಕು. ಹೆಸರು ಬೇಡ. ತಂದೆ ಧಾರವಾಡದ ಕಡೆಯವರು, ಮೂವತ್ತು ವರ್ಷ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಮಗ ಇಂಜಿನಿಯರು, ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ, ಮಾತು ಮೃದು. ಅವನು 22 ತಿಂಗಳು ಆನ್‌ಲೈನ್ ಪೋಕರ್ ಆಡಿ 11 ಲಕ್ಷ ರೂಪಾಯಿ ಕಳೆದ. ಅದರಲ್ಲಿ ತಂದೆಯ ಜೊತೆ ಜಂಟಿಯಾಗಿದ್ದ ಠೇವಣಿಯೂ ಸೇರಿತ್ತು. ಸಂಗತಿ ಹೊರಬಿದ್ದ ಮೇಲೆ, ಲೆಕ್ಕ ನೋಡಿ ಹೇಳಿರೆಂದು ತಂದೆ ಅವನ ಮೂರು ನೋಟುಪುಸ್ತಕಗಳನ್ನು ನನ್ನ ಮುಂದಿಟ್ಟರು. ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಾನು ಸರಕಾರಿ ಕಚೇರಿಯಲ್ಲೂ ಹೆಚ್ಚು ಕಂಡಿಲ್ಲ. ದಿನಾಂಕ, ಮೇಜು, ಬಂದ ಎಲೆ, ತೆಗೆದುಕೊಂಡ ನಿರ್ಧಾರ. ಕೊನೆಯ ಅಂಕಣ ‘ಮನಃಸ್ಥಿತಿ’, ಅದಕ್ಕೆ ಹತ್ತರಲ್ಲಿ ಅಂಕ. ಬಹುತೇಕ ದಿನಗಳಲ್ಲಿ ಎಂಟು, ಒಂಬತ್ತು. ಆ ಹುಡುಗ ನನ್ನ ಮುಖ ನೋಡಿ ಹೇಳಿದ: “ಕಾಕಾ, ನಾ ಒಂದು ದಿನಾನೂ ಸಿಟ್ಟಿಗೆದ್ದಿಲ್ಲ. ಶಾಂತ ಇದ್ದು ಕಳಕೊಂಡೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆ ಪುಸ್ತಕಗಳಲ್ಲಿ ಇಲ್ಲದ ಒಂದು ಅಂಕಣ ನನ್ನ ಕಣ್ಣಿಗೆ ಬಿತ್ತು. ಇಂದು ಕೂರಬೇಕೇ ಬೇಡವೇ ಎಂದು ಯೋಚಿಸಿದ್ದಕ್ಕೆ, ಎಷ್ಟು ಹೊತ್ತಿಗೆ ಎದ್ದೆ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ನಾನು ಇಂದು ಹೇಳಬೇಕೆಂದು ಬಂದ ಮಾತು ಇಷ್ಟೇ. ಸಮಚಿತ್ತ ಬೇರೆ, ಸಂಯಮ ಬೇರೆ. ಕುಳಿತಲ್ಲಿ ಕದಡದಿರುವುದು ಸಮಚಿತ್ತ. ಕುಳಿತಲ್ಲಿಂದ ಏಳಬಲ್ಲದ್ದು ಸಂಯಮ. ಪೋಕರ್ ಮೊದಲನೆಯದನ್ನು ಕಲಿಸುತ್ತದೆ, ಚೆನ್ನಾಗಿಯೇ ಕಲಿಸುತ್ತದೆ. ಎರಡನೆಯದನ್ನು ಅದು ಪೂರ್ತಿಯಾಗಿ ಕಲಿಸಿದರೆ ಮೇಜು ಖಾಲಿಯಾಗುತ್ತದೆ. ಅಷ್ಟೇ ಅಲ್ಲ, ಸಂಯಮವಿಲ್ಲದ ಸಮಚಿತ್ತ ಅಪಾಯಕಾರಿಯೂ ಹೌದು. ಸಿಟ್ಟಿನ ಆಟಗಾರ ಒಂದೇ ರಾತ್ರಿಯಲ್ಲಿ ಎಲ್ಲ ಕಳೆದು, ಫೋನನ್ನು ಗೋಡೆಗೆ ಎಸೆದು, ಅಲ್ಲಿಗೆ ನಿಲ್ಲಿಸಿಯಾನು. ಶಾಂತನಾದವನು 22 ತಿಂಗಳು ಆಡುತ್ತಾನೆ.

ಈ ಭೇದವನ್ನು ಮಹಾಭಾರತದಷ್ಟು ಚೆನ್ನಾಗಿ ಬೇರಾವ ಗ್ರಂಥವೂ ತೋರಿಸಿಲ್ಲ. ಕೌರವರ ಸಭೆಯಲ್ಲಿ ಅತ್ಯಂತ ಶಾಂತನಾಗಿದ್ದವನು ಯಾರು? ಧರ್ಮರಾಯ. ಭೀಮ ಹಲ್ಲು ಕಡಿದ, ವಿದುರ ಕೂಗಿ ಹೇಳಿದ, ಧೃತರಾಷ್ಟ್ರ ಗೆದ್ದೆವೇ ಗೆದ್ದೆವೇ ಎಂದು ಚಡಪಡಿಸಿದ. ಧರ್ಮರಾಯ ಮಾತ್ರ ಒಂದೊಂದೇ ಪಣವನ್ನು ಹೆಸರಿಸಿ ವರ್ಣಿಸಿ ಸಾವಧಾನವಾಗಿ ಮುಂದಿಟ್ಟ: ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಪಂಪನಿಂದ ಕುಮಾರವ್ಯಾಸನವರೆಗೆ, ಯಕ್ಷಗಾನದ ರಂಗಸ್ಥಳದವರೆಗೆ ನಾವು ಈ ಸಭೆಯನ್ನು ಮತ್ತೆ ಮತ್ತೆ ಕಂಡಿದ್ದೇವೆ. ಧರ್ಮರಾಯನ ವೇಷಧಾರಿ ಅಲ್ಲಿ ಅಬ್ಬರಿಸುವುದಿಲ್ಲ. ಅಬ್ಬರಿಸಿದರೆ ಪಾತ್ರ ಕೆಟ್ಟಿತೆಂದು ಪ್ರೇಕ್ಷಕರೇ ಹೇಳುತ್ತಾರೆ. ಆ ತಾಳ್ಮೆಯೇ ಅವನನ್ನು ಹಾಸಿನ ಮೇಲೆ ಕೂರಿಸಿ ಇಟ್ಟುಕೊಂಡಿತು.

ವ್ಯಾಸಭಾರತದ ವನಪರ್ವದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಜಾಗವಿದೆ. ಕಾಡಿನಲ್ಲಿ ಭೀಮ ಮೂದಲಿಸಿದಾಗ ಧರ್ಮರಾಯ ಮನಸ್ಸು ಬಿಚ್ಚುತ್ತಾನೆ. ದುರ್ಯೋಧನನ ರಾಜ್ಯವನ್ನು ಗೆದ್ದುಕೊಳ್ಳುವ ಆಸೆಯಿಂದಲೇ ತಾನು ದಾಳ ಹಿಡಿದದ್ದು. ದಾಳಗಳು ಶಕುನಿ ಬಯಸಿದಂತೆ ಬೀಳುತ್ತಿರುವುದನ್ನು ಕಂಡಾಗಲೇ ಮನಸ್ಸನ್ನು ತಡೆಯಬಹುದಿತ್ತು. ಆದರೆ ಒಳಗಿನ ಕೋಪ ಧೈರ್ಯವನ್ನು ಕೊಂದಿತು ಎಂದು ಅವನು ಹೇಳುತ್ತಾನೆ. ಸಭೆಯಲ್ಲಿ ಯಾರಿಗೂ ಕಾಣದ ಕೋಪ ಅದು. ಆ ಗಳಿಗೆಯಲ್ಲಿ ಅವನ ಕೈಗೂ ಒಂದು ನೋಟುಪುಸ್ತಕ ಕೊಟ್ಟು ಮನಃಸ್ಥಿತಿಗೆ ಅಂಕ ಹಾಕೆಂದಿದ್ದರೆ ಅವನೂ ಒಂಬತ್ತು ಹಾಕಿಕೊಳ್ಳುತ್ತಿದ್ದನೇನೋ. ತನ್ನ ಮನಸ್ಸಿನ ಬಿಸಿಯನ್ನು ತಾನೇ ಅಳೆಯಬೇಕಾದಾಗ, ಅಳೆಯುವ ಕೈಯೂ ಬಿಸಿಯಾಗಿರುತ್ತದೆ. ಇನ್ನೊಂದನ್ನೂ ಮರೆಯಬಾರದು. ಮೊದಲ ಜೂಜಿನ ಬಳಿಕ ದ್ರೌಪದಿಯಿಂದಾಗಿ ಎಲ್ಲವೂ ಮರಳಿ ಸಿಕ್ಕಿತ್ತು. ಇಂದ್ರಪ್ರಸ್ಥಕ್ಕೆ ಹೊರಟವನನ್ನು ದಾರಿಯಿಂದ ಮತ್ತೆ ಕರೆದರು. ಆಗಬಾರದ್ದು ಆಗುತ್ತದೆಂದು ತಿಳಿದೂ ಅವನು ಹೋದ. ವನವಾಸ ತಂದದ್ದು ಆ ಎರಡನೆಯ ಆಟ. ಇಂದು ಆ ಕರೆ ತರಲು ದೂತ ಬೇಕಾಗಿಲ್ಲ. ಜೇಬಿನಲ್ಲಿರುವ ಫೋನು ‘ಟಿಣ್’ ಎಂದರೆ ಸಾಕು.

ಹಾಗಾದರೆ ಸಂಯಮ ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಹೊರಗಿನಿಂದ ಬರುತ್ತದೆ ಎಂಬುದು ಈ ನಗರದಲ್ಲಿದ್ದು ನಾನು ಕಂಡುಕೊಂಡದ್ದು. ಮುಂಬಯಿಯ ಲೋಕಲ್ ರೈಲಿನಲ್ಲಿ ಇಸ್ಪೀಟಾಡುವ ತಂಡಗಳನ್ನು ನೀವೆಲ್ಲ ನೋಡಿದ್ದೀರಿ. ನಾಲ್ವರ ಮೊಣಕಾಲ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ಎಲೆ. ವಿರಾರಿನಿಂದಲೋ ಕಲ್ಯಾಣದಿಂದಲೋ ಶುರುವಾದ ಆಟ ಎಷ್ಟೇ ರಂಗೇರಿರಲಿ, ಇಳಿಯುವ ನಿಲ್ದಾಣ ಬಂದೊಡನೆ ಎಲೆ ಮುಚ್ಚಲೇಬೇಕು. ಸೋತವನು ಇನ್ನೊಂದು ಸುತ್ತು ಎಂದರೆ ಉಳಿದವರು ನಗುತ್ತಾರೆ. ಅವನ ಮನೆ, ಸಂಬಳ, ಮಗಳ ಶಾಲೆಯ ಫೀಜು ಎಲ್ಲವೂ ಅವರಿಗೆ ಗೊತ್ತು. ಆ ಆಟಗಾರರು ಯೋಗಿಗಳೇನೂ ಅಲ್ಲ. ರೈಲ್ವೆಯ ವೇಳಾಪಟ್ಟಿಯೂ ಗೆಳೆಯರ ಕಣ್ಣೂ ಸೇರಿ ಅವರ ಸಂಯಮವನ್ನು ಕಾಯುತ್ತವೆ. ನಮ್ಮ ಊರುಗಳಲ್ಲಿ ದೀಪಾವಳಿಗೆ ಆಡುವ ಇಸ್ಪೀಟಿಗೂ ಹೀಗೆಯೇ ಕಟ್ಟುಪಾಡಿತ್ತು: ಹಬ್ಬ ಮುಗಿಯಿತು, ಎಲೆ ಅಟ್ಟಕ್ಕೆ ಹೋಯಿತು.

ಕಟ್ಟುಪಾಡು ತಪ್ಪಿದರೆ ಏನಾಗುತ್ತದೆಂಬುದಕ್ಕೂ ಈ ನಗರವೇ ಸಾಕ್ಷಿ. ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭ ಮತ್ತು ಮುಕ್ತಾಯದ ದರಗಳ ಮೇಲೆ ಕಟ್ಟುತ್ತಿದ್ದ ಬಾಜಿ, 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಆಯಿತು. ವರಳಿಯಲ್ಲಿ ಕಲ್ಯಾಣಜಿ ಭಗತ್ 1962ರಲ್ಲಿ, ರತನ್ ಖತ್ರಿ 1964ರಲ್ಲಿ ಅದನ್ನು ದೊಡ್ಡ ವ್ಯವಸ್ಥೆಯಾಗಿ ಬೆಳೆಸಿದರು. ಗಿರಣಗಾಂವಿನ ಕಾರ್ಮಿಕರು ಪಗಾರದ ಹಣವನ್ನು ‘ಓಪನ್’ ಮತ್ತು ‘ಕ್ಲೋಸ್’ ಅಂಕಿಗಳಿಗೆ ಸುರಿದರು. ಮಟ್ಕಾದಲ್ಲಿ ಯಾವ ಕೌಶಲವೂ ಇಲ್ಲ. ಆದರೂ ಆಡುವವರು ಹಳೆಯ ಅಂಕಿಗಳ ಪಟ್ಟಿ ಹಿಡಿದು, ಕನಸಿನಲ್ಲಿ ಕಂಡದ್ದನ್ನು ಗುಣಿಸಿ ಭಾಗಿಸಿ ಲೆಕ್ಕ ಹಾಕುತ್ತಿದ್ದರು. ನಮ್ಮ ಹಿಡಿತದಲ್ಲಿ ಇಲ್ಲದ್ದನ್ನು ಹಿಡಿತದಲ್ಲಿದೆಯೆಂದು ನಂಬುವ ಈ ಗುಣಕ್ಕೆ ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ‘ನಿಯಂತ್ರಣದ ಭ್ರಮೆ’ ಎಂಬರ್ಥದ ಹೆಸರಿಟ್ಟರು. ಪೋಕರಿನಲ್ಲಿ ಕೌಶಲ ನಿಜವಾಗಿಯೂ ಸ್ವಲ್ಪ ಇದೆ. ಆದ್ದರಿಂದಲೇ ಅಲ್ಲಿ ಭ್ರಮೆ ಇನ್ನೂ ಗಟ್ಟಿ. ಪದವಿ ಪಡೆದ ತರುಣನನ್ನು ಮಟ್ಕಾ ಎಳೆಯಲಾರದು. ಇದು ಬುದ್ಧಿವಂತರ ಆಟ ಎಂಬ ಮಾತು ಎಳೆಯುತ್ತದೆ.

ಇನ್ನು ಮೇಜಿನ ಯಜಮಾನನ ವಿಷಯ. ಶಕುನಿ ಆಡಿದ್ದು ದುರ್ಯೋಧನನ ಪಣವಿಟ್ಟು. ಅವನದೆಂದು ಕಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆನ್‌ಲೈನ್ ಕಂಪನಿಗೆ ದಾಳವನ್ನು ಕೈಚಳಕದಿಂದ ಉರುಳಿಸುವ ಅಗತ್ಯವೂ ಇಲ್ಲ. ಪ್ರತಿ ಸುತ್ತಿನ ಪಣದಲ್ಲೂ ಅದು ತನ್ನ ಪಾಲು ಹಿಡಿದುಕೊಳ್ಳುತ್ತದೆ. ಉದಾಹರಣೆಗೆ ಆರು ಜನ ತಲಾ 1000 ರೂಪಾಯಿ ತಂದು ಕುಳಿತರೆನ್ನಿ. ಗಂಟೆಗೆ 60 ಸುತ್ತು, ಸುತ್ತಿಗೆ ಸರಾಸರಿ 300 ರೂಪಾಯಿ ಪಣ, ಕಂಪನಿಯ ಪಾಲು ನೂರಕ್ಕೆ 5 ಎಂದರೆ ಗಂಟೆಗೆ 900 ರೂಪಾಯಿ ಮೇಜಿನಿಂದ ಹೊರಗೆ ಹೋಗುತ್ತದೆ. ಆಟ ಅದೇ ಮಟ್ಟದಲ್ಲಿ ನಡೆದರೆ ಏಳು ಗಂಟೆ ತುಂಬುವ ಮೊದಲೇ ಆರೂ ಜನರ 6000 ರೂಪಾಯಿ ಕರಗುತ್ತದೆ. ಆರು ಜನರೂ ಸ್ಥಿತಪ್ರಜ್ಞರೇ ಆಗಿದ್ದರೂ ಈ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವಾಗದು. ನನ್ನ ಸಮಚಿತ್ತ ಎದುರಾಳಿಯಿಂದ ಹಣ ತರಬಹುದು. ಕಂಪನಿಯ ಪಾಲನ್ನು ಅದು ಕಡಿಮೆ ಮಾಡದು. ಸಮಚಿತ್ತದ ಸ್ಪರ್ಧೆಯಲ್ಲೂ ಮನುಷ್ಯನೇ ಗೆಲ್ಲುತ್ತಾನೆಂಬ ಭರವಸೆ ಉಳಿದಿಲ್ಲ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಫೇಸ್‌ಬುಕ್ ಸಂಸ್ಥೆಯ ಜೊತೆ ಸೇರಿ ರೂಪಿಸಿದ ‘ಪ್ಲುರಿಬಸ್’ ಎಂಬ ಕಂಪ್ಯೂಟರ್ ಕ್ರಮವಿಧಿ, ಆರು ಜನರ ಆಟದಲ್ಲಿ ನುರಿತ ವೃತ್ತಿಪರರನ್ನೇ ಸೋಲಿಸಿತು. ಅದಕ್ಕೆ ಸಿಟ್ಟಿಲ್ಲ, ನಿದ್ದೆಯಿಲ್ಲ, ಮನೆಯಲ್ಲಿ ಕಾಯುವ ತಾಯಿಯಿಲ್ಲ.

ಕಾನೂನು ಈ ವಿಷಯವನ್ನು ಹೇಗೆ ನೋಡಿದೆ? ಆ ಕಥೆಯ ಮೊದಲ ಅಧ್ಯಾಯದಲ್ಲಿ ಮುಂಬಯಿಯೂ ಬೆಂಗಳೂರೂ ಇವೆ. ಆರ್. ಎಂ. ಡಿ. ಚಮರಬಾಗ್‌ವಾಲಾ ಎಂಬವರ ಕಂಪನಿ ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾಗಿ, ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಪತ್ರಿಕೆಯ ಓದುಗರು ಮುಂಬಯಿ ರಾಜ್ಯದಲ್ಲೂ ಇದ್ದರು. ಅದಕ್ಕೆ ತೆರಿಗೆ ಹಾಕಿದ ಮುಂಬಯಿ ಸರಕಾರದ ಪರವಾಗಿ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ತೀರ್ಪಿತ್ತು, ಜೂಜು ವ್ಯಾಪಾರವೆನಿಸದು, ಸಂವಿಧಾನ ಕೊಡುವ ವ್ಯಾಪಾರದ ಹಕ್ಕು ಅದಕ್ಕಿಲ್ಲ ಎಂದಿತು. ಕೌಶಲದ ಸ್ಪರ್ಧೆಗಳಿಗೆ ಮಾತ್ರ ಆ ಹಕ್ಕು ಉಳಿಯಿತು. ಅಲ್ಲಿಂದ ಮುಂದೆ ಪ್ರತಿಯೊಂದು ಆಟಕ್ಕೂ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ಬಂತು. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು 1967ರಲ್ಲಿ, ಕುದುರೆ ಜೂಜೂ ಹಾಗೆಯೇ ಎಂದು 1996ರಲ್ಲಿ ತೀರ್ಪುಗಳಾದವು. ಪೋಕರ್ ವಿಷಯದಲ್ಲಿ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕೌಶಲದ ಪಕ್ಷಕ್ಕೆ ಒಲಿದರೆ, 2017ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯ ಅದು ಜೂಜೇ ಎಂದಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ರದ್ದುಪಡಿಸಿತು.

2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯಿದೆ ಈ ಹಳೆಯ ಪ್ರಶ್ನೆಯನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವುದೇ ಅಪರಾಧ. ಶಿಕ್ಷೆ 3 ವರ್ಷಗಳವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಕಾಯಿದೆಯಾದ ಕೆಲವೇ ದಿನಗಳಲ್ಲಿ ದೇಶದ ದೊಡ್ಡ ಕಂಪನಿಗಳು ಇಂಥ ಆಟಗಳನ್ನು ನಿಲ್ಲಿಸಿದವು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ನಿಷೇಧದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಸ್ವದೇಶದ ಬಾಗಿಲು ಮುಚ್ಚಿದರೆ ವಿದೇಶದ ಕಿಟಕಿ ತೆರೆದೇ ಇರುತ್ತದೆಂಬ ಆಕ್ಷೇಪ ಸುಳ್ಳಲ್ಲ. ನಾನು ಗಮನಿಸುವುದು ಬೇರೊಂದನ್ನು. ಆಟಗಾರನ ಕೈಯಲ್ಲಿ ಕೌಶಲವಿದೆಯೇ ಎಂದು ನ್ಯಾಯಾಲಯಗಳು ಅರವತ್ತು ಎಪ್ಪತ್ತು ವರ್ಷ ಕೇಳಿದವು. ಅವನಿಗೆ ಏಳಲು ಸಾಧ್ಯವೇ ಎಂಬ ಪ್ರಶ್ನೆಯ ಹತ್ತಿರಕ್ಕೆ ಈ ಕಾಯಿದೆ ಬಂದಿದೆ. ಕೌಶಲದ ಆಟವೂ ಮನೆ ಮುರಿಯಬಲ್ಲದು.

ಪೋಕರ್ ನಿಂತರೆ ಮನಸ್ಸು ಬದಲಾದೀತೆಂದು ಭಾವಿಸುವಂತಿಲ್ಲ. ಇದೇ ನಗರದ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗಿಳಿದ ಒಂದು ಕೋಟಿಗೂ ಮೀರಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿಯೂ ಮನೋನಿಗ್ರಹ ಕಲಿಸುವ ಗುರುಗಳಿಗೆ ಬರವಿಲ್ಲ. ನನ್ನಂಥ ಕೇಂದ್ರ ಸರಕಾರಿ ನೌಕರರಿಗೆ 1964ರ ನಡತೆ ನಿಯಮಗಳಿವೆ. ಅವುಗಳಲ್ಲಿ 16ನೆಯದು ಷೇರುಗಳಲ್ಲಿ ಸಟ್ಟಾ ವ್ಯವಹಾರ ಮಾಡಬಾರದೆನ್ನುತ್ತದೆ. ಪದೇ ಪದೇ ಕೊಂಡು ಮಾರುವುದನ್ನೂ ಸಟ್ಟಾ ಎಂದೇ ಎಣಿಸುತ್ತದೆ. ನೌಕರ ಶಾಂತನೇ, ಚತುರನೇ ಎಂದು ಆ ನಿಯಮ ವಿಚಾರಿಸುವುದಿಲ್ಲ. ಹಿಂದೆ ಇದು ನನಗೆ ಒಣ ನಿಯಮವೆನಿಸುತ್ತಿತ್ತು. ಈಗ ಅದರಲ್ಲಿ ಮನುಷ್ಯನನ್ನು ಬಲ್ಲ ಯಾರದೋ ಕೈ ಕಾಣುತ್ತದೆ.

ಜ್ಞಾನದಿಂದ ಪ್ರಯೋಜನವೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ನಳನ ಕಥೆ ಅದನ್ನು ಹೇಳುತ್ತದೆ. ಎಲ್ಲ ಕಳೆದುಕೊಂಡು ಬಾಹುಕನಾಗಿ ಋತುಪರ್ಣನ ಸಾರಥ್ಯ ಮಾಡುತ್ತಿದ್ದ ನಳನಿಗೆ ದಾರಿಯಲ್ಲಿ ಒಂದು ತಾರೆ ಮರ ಸಿಗುತ್ತದೆ. ಜೂಜಿನ ಕಾಯಿಗಳನ್ನು ಕೊಡುವ ಮರವೇ ಅದು. ಅದರ ಎಲೆಗಳನ್ನೂ ಕಾಯಿಗಳನ್ನೂ ಋತುಪರ್ಣ ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆ ರಾಜನಿಂದ ಅಕ್ಷಹೃದಯವೆಂಬ ವಿದ್ಯೆಯನ್ನು ಪಡೆದ ಕ್ಷಣದಲ್ಲೇ ಕಲಿ ನಳನ ಮೈಯಿಂದ ಹೊರಬೀಳುತ್ತಾನೆ. ಲೆಕ್ಕ ತಿಳಿದವನೊಳಗೆ ಕಲಿ ನಿಲ್ಲಲಾರ ಎಂಬ ಈ ಕಲ್ಪನೆ ನನಗೆ ಬಹು ದೊಡ್ಡದಾಗಿ ತೋರುತ್ತದೆ. ಆದರೆ ಆ ವಿದ್ಯೆಯನ್ನು ನಳ ಹೇಗೆ ಬಳಸಿದ? ಪುಷ್ಕರನೊಡನೆ ಒಂದೇ ಒಂದು ಪಣಕ್ಕೆ ಆಡಿದ, ರಾಜ್ಯ ಮರಳಿ ಪಡೆದ, ಸೋತ ತಮ್ಮನನ್ನು ಅಪ್ಪಿ ಅವನ ಪಾಲು ಅವನಿಗೆ ಕೊಟ್ಟು ಕಳುಹಿಸಿದ. ಗೆದ್ದ ಮೇಲೆ ಇನ್ನೊಂದು ಸುತ್ತಿಗೆ ಕೂರಲಿಲ್ಲ. ಈ ಕಥೆಯನ್ನು ಬೃಹದಶ್ವ ಮುನಿ ಹೇಳಿದ್ದು ಯಾರಿಗೆ? ಕಾಡಿನಲ್ಲಿ ಕುಳಿತಿದ್ದ ಧರ್ಮರಾಯನಿಗೆ.

ಕೊನೆಯದಾಗಿ, ನಾವು ಮಾಡಬಹುದಾದದ್ದು. ಮೊದಲನೆಯದು, ಈ ಚಟವನ್ನು ದುರ್ನಡತೆಯೆಂದು ಮಾತ್ರ ಕಾಣದೆ ಕಾಯಿಲೆಯೆಂದೂ ಕಾಣುವುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ವ್ಯಾಧಿಗೆ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ಪ್ರತ್ಯೇಕ ಚಿಕಿತ್ಸಾಲಯ ನಡೆಸಿಕೊಂಡು ಬಂದಿದೆ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಆಪ್ತಸಲಹೆ ಪಡೆಯಬಹುದು. ಎರಡನೆಯದು, ಮನೆಯಲ್ಲಿ ಹಣದ ಮಾತನ್ನು ಮುಚ್ಚಿಡದಿರುವುದು. ಆ ಹುಡುಗನ ಠೇವಣಿಗೆ ಇಬ್ಬರ ಹೆಸರಿತ್ತು, ಆದರೆ ಹಣ ತೆಗೆಯಲು ಒಬ್ಬರ ಒಪ್ಪಿಗೆ ಸಾಕಾಗಿತ್ತು. ಈಗ ಇಬ್ಬರ ಸಹಿ ಬೇಕೆಂದು ಮಾಡಿಸಿದ್ದಾರೆ. ಅದು ಅವಿಶ್ವಾಸವಲ್ಲ ಎಂಬುದನ್ನು ತಂದೆಗೆ ಒಪ್ಪಿಸಲು ನನಗೆ ಒಂದು ಸಂಜೆ ಹಿಡಿಯಿತು. ಮಗ ಮಾತ್ರ ತಾನೇ ಮೊದಲು ಸಹಿ ಮಾಡಿದ. ಮೂರನೆಯದು ನಮ್ಮ ಸಂಘಗಳ ಹೊಣೆ. ಈ ನಗರಕ್ಕೆ ಬರಿಗೈಯಲ್ಲಿ ಬಂದ ಹೋಟೆಲ್ ಹುಡುಗರ ಸಂಜೆಗಳನ್ನು ನಮ್ಮ ಹಿರಿಯರು ರಾತ್ರಿಶಾಲೆಗಳಿಂದ ತುಂಬಿದರು. ದುಡಿದು ದಣಿದ ಹುಡುಗ ಇಂತಿಷ್ಟು ಹೊತ್ತಿಗೆ ಒಂದು ಕಡೆ ಬಂದು ಕೂರಬೇಕು, ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವವರಿರಬೇಕು ಎಂಬುದು ಅವರಿಗೆ ತಿಳಿದಿತ್ತು. ಇಂದು ಐ.ಟಿ. ಕಂಪನಿಯಲ್ಲಿ ದುಡಿದು ಬಾಡಿಗೆ ಕೋಣೆಗೆ ಮರಳುವ ನಮ್ಮ ಹುಡುಗನ ಸಂಜೆಯನ್ನು ಕೇಳುವವರು ಯಾರು? ಅವನಿಗೆ ನಾವು ಮನಸ್ಸನ್ನು ಗಟ್ಟಿ ಮಾಡಿಕೋ ಎಂದು ಹೇಳಿ ಬಂದುಬಿಟ್ಟರೆ ಸಾಲದು. ಅವನು ಎದ್ದು ಬರಬೇಕಾದರೆ, ಬಂದು ಕೂರಲು ಇನ್ನೊಂದು ಜಾಗ ಇರಬೇಕು.